ವಾಲೆಮೈ ಪೈನ್ ಮತ್ತು ಅದರ ಗುಟ್ಟಿನ ಕಮರಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಲೆಮೈ ಪೈನ್ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಸಿಕ್ಕರೂ "ಡೈನೋಸಾರ್ ಕಾಲದ ಮರ ಪತ್ತೆಯಾಯಿತು" ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಪತ್ತೆಯಾದ ಮೇಲೆ ಅದನ್ನು ಉಳಿಸಿಕೊಳ್ಳಲು ಏನೆಲ್ಲ ಮಾಡಬೇಕಾಯಿತು ಎಂಬುದು ನನಗೆ ಅದಕ್ಕಿಂತ ದೊಡ್ಡ ವಿಷಯ. ಗಿಡಮರಗಳ ಬಗ್ಗೆ ಆಸಕ್ತಿ ಇರುವ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ಯಾವ ಮರ? ಎಲ್ಲಿದೆ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸಿಡ್ನಿಯಿಂದ ವಾಯವ್ಯಕ್ಕೆ ವಾಲೆಮೈ ರಾಷ್ಟ್ರೀಯ ಉದ್ಯಾನ ಇದೆ. ಸುಮಾರು 5 ಲಕ್ಷ ಹೆಕ್ಟೇರ್ ಕಾಡು. ಗ್ರೇಟರ್ ಬ್ಲೂ ಮೌಂಟನ್ಸ್ ವಿಶ್ವ ಪರಂಪರೆ ತಾಣದ ಒಂದು ಭಾಗ. ಆ ಕಾಡಿನೊಳಗಿನ ಒಂದೇ ಒಂದು ಕಮರಿ ಜಾಲದಲ್ಲಿ ಈ ಮರ ತನ್ನಷ್ಟಕ್ಕೆ ತಾನು ಬೆಳೆದಿದೆ. ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ವಾಲೆಮಿಯಾ ನೋಬಿಲಿಸ್. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು "ತೀವ್ರ ಅಳಿವಿನಂಚಿನ" ಗುಂಪಿನಲ್ಲಿದೆ. ಅದರ ಮುಂದಿನ ಹೆಜ್ಜೆ ಕಾಡಿನಲ್ಲಿ ಇಲ್ಲವಾಗುವುದು.

ಪೈನ್ ಅಂತಾರೆ. ಹಿಮಾಲಯದಲ್ಲಿ ನೋಡುವ ಪೈನ್ ಜಾತಿಯದ್ದಾ?

ಅಲ್ಲ. ಎರಡೂ ಕೋನಿಫರ್‌ಗಳು, ಅಂದರೆ ಹೂವು ಬಿಡದೆ ಶಂಕುವಿನಂಥ ಕೋನ್‌ಗಳಲ್ಲಿ ಬೀಜ ಕಟ್ಟುವ ಮರಗಳು. ಅಷ್ಟು ಮಾತ್ರ ನಂಟು. ವಾಲೆಮೈ ಸೇರುವುದು ಅರೌಕೇರಿಯಾ ಕುಟುಂಬಕ್ಕೆ.

ಈ ಕುಟುಂಬದ ಬೇರೆ ಮರಗಳನ್ನು ನೀವು ಖಂಡಿತ ನೋಡಿರುತ್ತೀರಿ. ಬೆಂಗಳೂರಿನ ಹಳೆಯ ಮನೆಗಳ ಕಾಂಪೌಂಡಿನಲ್ಲಿ, ಚರ್ಚ್‌ಗಳ ಮುಂದೆ, ಲಾಲ್‌ಬಾಗ್‌ನಲ್ಲಿ ನೆಟ್ಟಗೆ ಎತ್ತರಕ್ಕೆ ಬೆಳೆದು, ಸುತ್ತಲೂ ಸಾಲು ಸಾಲಾಗಿ ಕೊಂಬೆ ಚಾಚಿದ "ಕ್ರಿಸ್‌ಮಸ್ ಟ್ರೀ" ಇರುತ್ತದಲ್ವಾ, ಅದೇ ಅರೌಕೇರಿಯಾ. ಅದು ಪೆಸಿಫಿಕ್ ದ್ವೀಪಗಳ ಕಡೆಯಿಂದ ಬಂದು ನಮ್ಮ ಊರುಗಳಲ್ಲಿ ನೆಲೆಯಾದ ಮರ. ವಾಲೆಮೈ ಅದಕ್ಕೆ ದಾಯಾದಿ. ಈ ಕುಟುಂಬದಲ್ಲಿ ಈಗ ಬದುಕಿರುವುದು ಮೂರೇ ಕುಲ: ಅರೌಕೇರಿಯಾ, ಅಗಾತಿಸ್, ವಾಲೆಮಿಯಾ. ಮೊದಲಿನ ಎರಡರಲ್ಲಿ ಹಲವು ಜಾತಿಗಳಿವೆ. ವಾಲೆಮಿಯಾದಲ್ಲಿ ಇದೊಂದೇ. ಇದು ಹೋದರೆ ಒಂದು ಇಡೀ ಕುಲವೇ ಹೋದಂತೆ.

ಪತ್ತೆ ಮಾಡಿದ್ದು ಯಾರು?

ಡೇವಿಡ್ ನೋಬಲ್. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಯ ಸಿಬ್ಬಂದಿ. ರಜೆಯಲ್ಲಿ ಹಗ್ಗ ಕಟ್ಟಿಕೊಂಡು ಕಮರಿಗಳಿಗೆ ಇಳಿಯುವುದು ಅವರ ಹವ್ಯಾಸ. 1994ರ ಸೆಪ್ಟೆಂಬರ್ 10ರಂದು ಇಬ್ಬರು ಗೆಳೆಯರ ಜೊತೆ ಯಾರೂ ಹೆಚ್ಚಾಗಿ ಓಡಾಡದ ಒಂದು ಕಮರಿಗೆ ಇಳಿದಾಗ ಅಲ್ಲೊಂದು ವಿಚಿತ್ರ ಮರಗಳ ಗುಂಪು ಕಂಡಿತು. ಆ ಕಾಡನ್ನು ಚೆನ್ನಾಗಿ ಬಲ್ಲ ಮನುಷ್ಯನಿಗೇ ಗುರುತು ಸಿಗಲಿಲ್ಲ. ಒಂದು ಸಣ್ಣ ರೆಂಬೆ ತಂದು ಇಲಾಖೆಯ ಸಸ್ಯತಜ್ಞ ವಿನ್ ಜೋನ್ಸ್ ಅವರಿಗೆ ತೋರಿಸಿದರು. ಎಳೆ ಎಲೆಗಳು ಜರಿಗಿಡದಂತೆ ಇರುವುದರಿಂದ ಅವರಿಗೆ ಮೊದಲು ಬಂದ ಯೋಚನೆ ಇದು ಜರಿಗಿಡವೋ ಪೊದೆಯೋ ಎಂದು. ದೊಡ್ಡ ಮರದ್ದು ಎಂದಾಗಲೇ ವಿಷಯ ಬೇರೆ ಇದೆ ಎಂದು ಗೊತ್ತಾಗಿದ್ದು.

ಆ ವರ್ಷದ ಕೊನೆಗೆ ಸುದ್ದಿ ಪ್ರಪಂಚಕ್ಕೆ ತಿಳಿಯಿತು. 1995ರಲ್ಲಿ ವಿನ್ ಜೋನ್ಸ್, ಕೆನ್ ಹಿಲ್ ಮತ್ತು ಜ್ಯಾನ್ ಆಲನ್ ಸೇರಿ ಹೊಸ ಕುಲ, ಹೊಸ ಜಾತಿ ಎಂದು ಅಧಿಕೃತವಾಗಿ ವಿವರಿಸಿದರು. ಮರದ ಹೆಸರಿನಲ್ಲಿ ಕಾಡಿನ ಹೆಸರೂ ಇದೆ, ನೋಬಲ್ ಅವರ ಹೆಸರೂ ಇದೆ.

ನನಗೆ ಇಲ್ಲಿ ತುಂಬಾ ಇಷ್ಟವಾಗುವುದು ಒಂದು ವಿಷಯ. ಗೊತ್ತಿಲ್ಲದ ಗಿಡ ಕಂಡಾಗ ಸುಮ್ನೆ ಮುಂದೆ ಹೋಗದೆ, ಗೊತ್ತಿರುವವರ ಹತ್ತಿರ ಒಯ್ದು ಕೇಳಿದರು. ನಮ್ಮ ಘಟ್ಟದ ಕಾಡುಗಳಲ್ಲಿ ದಿನಾ ಓಡಾಡುವ ಅರಣ್ಯ ವೀಕ್ಷಕರ ಕಣ್ಣಿಗೂ ಹೀಗೆ ಎಷ್ಟೋ ಬೀಳುತ್ತಿರುತ್ತದೆ. ಅವರನ್ನು ಕೂರಿಸಿ ಕೇಳಬೇಕಾದವರು ನಾವು.

ಅಷ್ಟು ದೊಡ್ಡ ನಗರದ ಹತ್ತಿರವೇ ಇದ್ದ 40 ಮೀಟರ್ ಮರ ಯಾರ ಕಣ್ಣಿಗೂ ಬೀಳಲಿಲ್ವಾ?

ಆ ನೆಲ ಹೇಗಿದೆ ಎಂದು ತಿಳಿದರೆ ಆಶ್ಚರ್ಯ ಕಡಿಮೆಯಾಗುತ್ತದೆ. ಬ್ಲೂ ಮೌಂಟನ್ಸ್ ಎಂದರೆ ಹೆಸರಿಗೆ ಬೆಟ್ಟ, ನಿಜಕ್ಕೂ ಅದು ಮರಳುಗಲ್ಲಿನ ದೊಡ್ಡ ಪ್ರಸ್ಥಭೂಮಿ. ಲಕ್ಷಾಂತರ ವರ್ಷ ಹರಿದ ನೀರು ಆ ಕಲ್ಲನ್ನು ಸೀಳಿ ಸೀಳಿ ಆಳವಾದ ಕಮರಿಗಳನ್ನು ಮಾಡಿದೆ. ಇಂಥವು ನೂರಾರು ಇವೆ. ಕೆಲವು ಎಷ್ಟು ಕಿರಿದು ಎಂದರೆ ಮೇಲಿನಿಂದ ನೋಡಿದರೆ ಕಪ್ಪು ಗೆರೆ ಮಾತ್ರ ಕಾಣುತ್ತದೆ. ರಸ್ತೆ ಇಲ್ಲ, ಕಾಲುದಾರಿ ಇಲ್ಲ. ಹಗ್ಗದ ನೆರವಿಲ್ಲದೆ ಇಳಿಯಲು ಆಗದ ಜಾಗಗಳು. ಮೇಲೆಲ್ಲ ನೀಲಗಿರಿ ಕಾಡು ಮುಚ್ಚಿಕೊಂಡಿದೆ. ಎತ್ತರದ ಮರವಾದರೂ ತಲೆ ಕಮರಿಯ ಗೋಡೆಗಿಂತ ಕೆಳಗೇ ಉಳಿಯುತ್ತದೆ.

ಒಂದು ಮಾತು ಸೇರಿಸಬೇಕು. "1994ರ ತನಕ ಯಾರಿಗೂ ಗೊತ್ತಿರಲಿಲ್ಲ" ಎಂದು ಬರೆಯುವಾಗ ನನ್ನ ಕೈ ತಡೆಯುತ್ತದೆ. ವಿರಾಜುರಿ, ದಾರುಗ್, ದಾರ್ಕಿನ್‌ಜಂಗ್ ಮೊದಲಾದ ಮೂಲನಿವಾಸಿ ಜನರು ಸಾವಿರಾರು ವರ್ಷಗಳಿಂದ ಈ ನಾಡಿನಲ್ಲಿ ಇದ್ದಾರೆ. ವಿಜ್ಞಾನದ ದಾಖಲೆಗೆ ಬಂದದ್ದು 1994ರಲ್ಲಿ, ಅಷ್ಟು ಹೇಳಿದರೆ ಸಾಕು.

ಆ ಕಮರಿಯ ಒಳಗೆ ಏನೇನಿದೆ?

ಎರಡು ಕಾಡು ಒಂದರ ಮೇಲೊಂದು ಇವೆ ಎಂದು ಇಟ್ಟುಕೊಳ್ಳಿ. ಮೇಲೆ ಒಣ ಗುಡ್ಡ, ತೆಳು ಮಣ್ಣು, ಜೋರು ಬಿಸಿಲು. ಅಲ್ಲಿ ನೀಲಗಿರಿಯದ್ದೇ ರಾಜ್ಯ. ನಮ್ಮಲ್ಲಿ ಅಂತರ್ಜಲ ಬತ್ತಿಸುತ್ತದೆ ಎಂದು ಬೈಸಿಕೊಳ್ಳುವ ನೀಲಗಿರಿಗೆ ಅದು ತವರು. ಆ ಮರದ ಎಲೆಯಲ್ಲಿ ಎಣ್ಣೆ ಇದೆ, ಒಣಗಿದ ತೊಗಟೆ ಸುಲಿದು ಬೀಳುತ್ತದೆ, ಹಾಗಾಗಿ ಬೆಂಕಿ ಆ ಕಾಡಿಗೆ ಹೊಸದಲ್ಲ. ಅಲ್ಲಿನ ಬಹಳಷ್ಟು ಗಿಡಗಳು ಬೆಂಕಿಯ ಜೊತೆ ಬದುಕಲು ಕಲಿತಿವೆ.

ಕೆಳಗೆ ಇಳಿದರೆ ಬೇರೆಯೇ ಲೋಕ. ಕಡಿದಾದ ಕಲ್ಲಿನ ಗೋಡೆಗಳ ನಡುವೆ ಬಿಸಿಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಬರುತ್ತದೆ. ತಳದಲ್ಲಿ ತೊರೆ ಹರಿಯುತ್ತದೆ. ಗೋಡೆಗಳಿಂದ ನೀರು ಜಿನುಗುತ್ತದೆ. ಗಾಳಿ ತಂಪು, ತೇವ. ಕೋಚ್‌ವುಡ್, ಸ್ಯಾಸಫ್ರಾಸ್‌ನಂಥ ಮಳೆಕಾಡಿನ ಮರಗಳು, ಕೆಳಗೆ ಜರಿಗಿಡಗಳು, ಪಾಚಿ. ಅವುಗಳ ನಡುವೆ, ಅವೆಲ್ಲಕ್ಕಿಂತ ಮೇಲೆ ತಲೆ ಎತ್ತಿ ವಾಲೆಮೈ ನಿಂತಿದೆ. ಮಣ್ಣು ತೆಳು, ಮರಳು ಮಿಶ್ರಿತ, ಚೆನ್ನಾಗಿ ಹುಳಿ. ಫಲವತ್ತಾದ ಜಾಗ ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಈ ಮರ ಅಲ್ಲೇ ಯಾಕೆ ಉಳಿಯಿತು? ಅದಕ್ಕೆ ಆ ಜಾಗ ತುಂಬಾ ಇಷ್ಟ ಎಂದೇನಲ್ಲ. ಆಸ್ಟ್ರೇಲಿಯಾ ಕೋಟ್ಯಂತರ ವರ್ಷಗಳಲ್ಲಿ ನಿಧಾನವಾಗಿ ಒಣಗುತ್ತಾ ಬಂತು. ಮಳೆಕಾಡುಗಳು ಕುಗ್ಗಿದವು. ಬೆಂಕಿ ಜಾಸ್ತಿಯಾಯಿತು. ಒಂದು ಕಾಲದಲ್ಲಿ ವಿಶಾಲವಾಗಿ ಹರಡಿದ್ದ ಮರಕ್ಕೆ ಬೆಂಕಿ ಮತ್ತು ಬರ ಸುಲಭಕ್ಕೆ ಮುಟ್ಟದ ಕೆಲವು ಸಂದುಗಳು ಮಾತ್ರ ಉಳಿದವು. ಕೊನೆಗೆ ಈ ಒಂದು ಸಂದು. ಅದರ ಪಕ್ಕದ ಕಮರಿಗಳಲ್ಲೂ ಇದ್ದಿರಬಹುದು, ಹೋಗಿರಬಹುದು. ಈಗ ಆ ಸಂದಿನ ಹವೆಯೂ ಬದಲಾಗುತ್ತಿದೆ. ಇನ್ನು ಹಿಂದೆ ಸರಿಯಲು ಜಾಗವಿಲ್ಲ.

ನೋಡಲು ಹೇಗಿರುತ್ತದೆ?

ತೊಗಟೆ ನೋಡಿದವರು ಮರೆಯುವುದಿಲ್ಲ. ಕಂದು ಬಣ್ಣ, ಮೈಯೆಲ್ಲ ಉಬ್ಬು ಉಬ್ಬು. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಏಳುವ ಗುಳ್ಳೆಗಳು ಹಾಗೇ ಗಟ್ಟಿಯಾದರೆ ಹೇಗಿರುತ್ತದೋ ಹಾಗೆ. ಎಳೆ ಕೊಂಬೆಯಲ್ಲಿ ಎಲೆಗಳು ಎರಡು ಸಾಲಿನಲ್ಲಿ ಚಪ್ಪಟೆಯಾಗಿ ಇರುತ್ತವೆ. ಬಲಿತ ಕೊಂಬೆಯಲ್ಲಿ ನಾಲ್ಕು ಸಾಲು, ಬಣ್ಣವೂ ಸ್ವಲ್ಪ ಹಳದಿ ಮಿಶ್ರಿತ ಹಸಿರು. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸಿ ತುದಿ ಮೊಗ್ಗಿನ ಮೇಲೆ ಬಿಳಿ ಮೇಣದಂಥ ರಾಳದ ಟೋಪಿ ಹಾಕಿಕೊಳ್ಳುತ್ತದೆ.

ಎಲೆ ಒಂದೊಂದಾಗಿ ಉದುರುವುದಿಲ್ಲ. ಕೊಂಬೆ ತನ್ನ ಕೆಲಸ ಮುಗಿಸಿದ ಮೇಲೆ ಇಡೀ ಕೊಂಬೆಯೇ ಕಳಚಿ ಬೀಳುತ್ತದೆ. ಗಂಡು ಕೋನ್, ಹೆಣ್ಣು ಕೋನ್ ಎರಡೂ ಒಂದೇ ಮರದಲ್ಲಿ. ಹೆಣ್ಣು ಕೋನ್‌ಗಳು ದುಂಡಗೆ ಇದ್ದು ಮರದ ಮೇಲ್ಭಾಗದಲ್ಲಿ ಬಿಡುತ್ತವೆ. ಪರಾಗ ಗಾಳಿಯಲ್ಲಿ ಸಾಗುತ್ತದೆ.

"ಡೈನೋಸಾರ್ ಮರ" ಎನ್ನುವುದು ಸರಿಯಾ?

ಅರ್ಧ ಸರಿ. ಅರೌಕೇರಿಯಾ ಕುಟುಂಬ ಡೈನೋಸಾರ್‌ಗಳ ಕಾಲದಲ್ಲಿ ಭೂಮಿಯ ದೊಡ್ಡ ಭಾಗದಲ್ಲಿ ಹರಡಿತ್ತು, ಅದರಲ್ಲಿ ಅನುಮಾನವಿಲ್ಲ. ವಾಲೆಮೈ ಪರಾಗಕ್ಕೆ ಹೊಂದುವ ಪಳೆಯುಳಿಕೆ ಪರಾಗ ಸುಮಾರು 9 ಕೋಟಿ ವರ್ಷ ಹಿಂದಿನ ಪದರಗಳಿಂದ ಸಿಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಂಟಾರ್ಕ್ಟಿಕಾ, ಈ ಎಲ್ಲ ಕಡೆ ಸಿಕ್ಕಿದೆ. ಮಂಜು ಮುಚ್ಚಿದ ಅಂಟಾರ್ಕ್ಟಿಕಾದಲ್ಲಿ ಆಗ ಕಾಡುಗಳಿದ್ದವು. ಸುಮಾರು 20 ಲಕ್ಷ ವರ್ಷ ಹಿಂದಿನ ಹೊತ್ತಿಗೆ ಆ ಪರಾಗ ದಾಖಲೆಯಿಂದ ಮಾಯವಾಗುತ್ತದೆ. ಹಾಗಾಗಿಯೇ 1994ರಲ್ಲಿ ಜೀವಂತ ಮರ ಕಂಡಾಗ ಅಷ್ಟು ಬೆರಗು.

ಆದರೆ ಈಗ ನಿಂತಿರುವ ಮರಗಳು ನೂರಾರು ವರ್ಷ ಹಳೆಯವು, ಕೋಟಿ ವರ್ಷದವಲ್ಲ. "ಜೀವಂತ ಪಳೆಯುಳಿಕೆ" ಎಂಬ ಮಾತಿನಿಂದ ಒಂದು ತೊಂದರೆಯೂ ಇದೆ. ಇಷ್ಟು ಕಾಲ ಉಳಿದದ್ದು ಇನ್ನೂ ಉಳಿಯುತ್ತದೆ ಬಿಡಿ ಎಂಬ ಭಾವನೆ ಜನರಲ್ಲಿ ಬಂದುಬಿಡುತ್ತದೆ. ಹಳೆಯ ವಂಶ ಎಂದ ಮಾತ್ರಕ್ಕೆ ಗಟ್ಟಿ ವಂಶ ಎಂದಾಗುವುದಿಲ್ಲ.

ಭಾರತದಲ್ಲೂ ಇದು ಇತ್ತಾ?

ವಾಲೆಮೈ ಇತ್ತು ಎನ್ನಲು ಆಧಾರವಿಲ್ಲ. ಆದರೆ ಕುಟುಂಬ ಇತ್ತು. ಭಾರತ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಒಟ್ಟಿಗೆ ಗೊಂಡ್ವಾನಾ ಎಂಬ ಮಹಾಖಂಡವಾಗಿದ್ದವು. ಮಧ್ಯ ಭಾರತದ ಗೊಂಡರ ನಾಡಿನಿಂದಲೇ ಆ ಹೆಸರು ಬಂದದ್ದು. ಜಾರ್ಖಂಡ್‌ನ ರಾಜಮಹಲ್ ಬೆಟ್ಟಗಳಲ್ಲಿ ಅರೌಕೇರಿಯಾ ಕುಟುಂಬದ ಪಳೆಯುಳಿಕೆಗಳು ಸಿಕ್ಕಿವೆ. ಬೀರಬಲ್ ಸಾಹನಿ ಅವರಂಥ ವಿಜ್ಞಾನಿಗಳು ಆ ಬೆಟ್ಟಗಳ ಪಳೆಯುಳಿಕೆಗಳ ಮೇಲೆ ದೊಡ್ಡ ಕೆಲಸ ಮಾಡಿದ್ದಾರೆ.

ನಮ್ಮ ಪಶ್ಚಿಮ ಘಟ್ಟದಲ್ಲಿ ಸ್ವಂತ ಕೋನಿಫರ್ ಇಲ್ವಾ?

ಇದೆ, ಒಂದೇ ಒಂದು. ನಾಗೇಯ ವಾಲಿಚಿಯಾನ. ನೀಲಗಿರಿ, ಆನೆಮಲೆ ಮತ್ತು ಅಲ್ಲಿಂದ ದಕ್ಷಿಣದ ಘಟ್ಟಗಳ ತೇವದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುತ್ತದೆ. ಎಲೆ ಅಗಲ, ನಡುನರ ಇಲ್ಲ, ನರಗಳೆಲ್ಲ ಸಮಾನಾಂತರ. ನೋಡಿದರೆ ಕೋನಿಫರ್ ಎಂದು ಅನಿಸುವುದೇ ಇಲ್ಲ. ಈಶಾನ್ಯ ಭಾರತದಿಂದ ನ್ಯೂಗಿನಿ ತನಕ ಹರಡಿರುವುದರಿಂದ ವಾಲೆಮೈಯಷ್ಟು ಅಪಾಯದಲ್ಲಿ ಇಲ್ಲ. ಆದರೂ ದಕ್ಷಿಣದ ಗುಂಪುಗಳು ಚದುರಿವೆ. ಇದರ ಬಗ್ಗೆ ನಮ್ಮಲ್ಲಿ ಇನ್ನಷ್ಟು ಮಾತು ಆಗಬೇಕು ಎಂಬುದು ನನ್ನ ಆಸೆ.

ಕಾಡಿನಲ್ಲಿ ಈಗ ಎಷ್ಟು ಮರಗಳಿವೆ?

ಬಲಿತ ಮರಗಳು 100ಕ್ಕಿಂತ ಕಡಿಮೆ. ಎಣಿಸುವುದು ಕೇಳಿದಷ್ಟು ಸುಲಭ ಅಲ್ಲ. ಯಾಕೆಂದರೆ ವಾಲೆಮೈ ಬುಡದಿಂದ ಮತ್ತೆ ಮತ್ತೆ ಚಿಗುರುತ್ತದೆ. ಒಂದೇ ಬುಡಕ್ಕೆ ಹಲವು ಕಾಂಡ ಇರುತ್ತವೆ. ಒಂದು ಬಿದ್ದರೆ ಇನ್ನೊಂದು ಏಳುತ್ತದೆ. ಹಾಗಾಗಿ ಕಾಂಡದ ವಯಸ್ಸಿಗಿಂತ ಬೇರಿನ ವಯಸ್ಸು ಎಷ್ಟೋ ಜಾಸ್ತಿ ಇರಬಹುದು. ಎಣಿಸಬೇಕಾದ್ದು ಕಾಂಡಗಳನ್ನಾ, ಬುಡಗಳನ್ನಾ ಎಂಬ ಪ್ರಶ್ನೆ ಏಳುತ್ತದೆ. ಬೇರೆ ಬೇರೆ ಕಡೆ ಬೇರೆ ಬೇರೆ ಸಂಖ್ಯೆ ಓದಿದರೆ ಗಾಬರಿಯಾಗಬೇಡಿ.

ಬೀಜದಿಂದ ಸಸಿ ಹುಟ್ಟಲ್ವಾ?

ಹುಟ್ಟುತ್ತದೆ, ಆದರೆ ಕಷ್ಟ. ಬಹಳಷ್ಟು ಬೀಜ ಜೊಳ್ಳು. ಗಟ್ಟಿ ಬೀಜವನ್ನು ಇಲಿಗಳು, ಗಿಳಿಗಳು ತಿನ್ನುತ್ತವೆ. ಮೊಳೆತ ಸಸಿಗೆ ಆ ಕಮರಿಯ ತಳದಲ್ಲಿ ಬೆಳಕಿಲ್ಲ. ವರ್ಷಗಟ್ಟಲೆ ಸಣ್ಣ ಸಸಿಯಾಗಿಯೇ ಕೂತಿರುತ್ತದೆ, ಮೇಲೆ ಯಾವುದಾದರೂ ಮರ ಬಿದ್ದು ಕಿಂಡಿ ತೆರೆಯುವವರೆಗೆ. ಬುಡದಿಂದ ಚಿಗುರುವ ಗುಣವೇ ಈ ಮರವನ್ನು ಇಲ್ಲಿಯವರೆಗೆ ತಂದಿದೆ.

ಸಂಶೋಧಕರಿಗೆ ಬೀಜ ಬೇಕಾದಾಗಲೂ ಸುಲಭವಿಲ್ಲ. ಹೆಣ್ಣು ಕೋನ್‌ಗಳು ತುದಿಯಲ್ಲಿ, ಹತ್ತಿದರೆ ಮರಕ್ಕೆ ಪೆಟ್ಟು. ಆದ್ದರಿಂದ ಹೆಲಿಕಾಪ್ಟರ್‌ನಿಂದ ಹಗ್ಗದಲ್ಲಿ ಇಳಿಬಿಟ್ಟ ಮನುಷ್ಯ ಗಾಳಿಯಲ್ಲಿ ತೂಗುತ್ತಾ ಕೋನ್ ಕಿತ್ತು ತರುತ್ತಾನೆ.

ಎಲ್ಲ ಮರಗಳೂ ಒಂದರ ನಕಲು ಅಂತ ಓದಿದೆ. ನಿಜವಾ?

ಬಹಳ ಹತ್ತಿರ. ಮೊದಲ ಪರೀಕ್ಷೆಗಳಲ್ಲಿ ಮರ ಮರಕ್ಕೆ ವ್ಯತ್ಯಾಸವೇ ಸಿಗಲಿಲ್ಲ. ನಂತರ ಸೂಕ್ಷ್ಮ ವಿಧಾನಗಳು ಬಂದ ಮೇಲೆ ಸಣ್ಣ ವ್ಯತ್ಯಾಸಗಳು ಕಂಡಿವೆ. 2023ರಲ್ಲಿ ಇಡೀ ಜೀನೋಮ್, ಅಂದರೆ ಮರದ ಡಿಎನ್ಎಯ ಪೂರ್ತಿ ಬರಹ, ಓದಿದರು. ಸುಮಾರು 1,220 ಕೋಟಿ ಅಕ್ಷರಗಳು, ಅಂದರೆ ಮನುಷ್ಯನದರ ಸುಮಾರು ನಾಲ್ಕು ಪಟ್ಟು. ಅದರಲ್ಲಿ ಬಹುಪಾಲು ತನ್ನನ್ನೇ ನಕಲು ಮಾಡಿಕೊಂಡು ಜಾಗ ಬದಲಿಸುವ ಡಿಎನ್ಎ ತುಣುಕುಗಳು. ಇಷ್ಟು ದೊಡ್ಡ ಜೀನೋಮ್ ಇದ್ದರೂ ಮರಗಳ ನಡುವಿನ ವೈವಿಧ್ಯ ಮಾತ್ರ ತೀರಾ ಕಡಿಮೆ.

ಇದು ಯಾಕೆ ಮುಖ್ಯ ಎಂದರೆ, ಒಂದು ರೋಗ ಬಂದಾಗ ಕೆಲವು ಮರ ಸಾಯುತ್ತವೆ, ಕೆಲವು ತಡೆದುಕೊಳ್ಳುತ್ತವೆ, ಆ ಉಳಿದವುಗಳಿಂದ ವಂಶ ಮುಂದುವರಿಯುತ್ತದೆ. ಎಲ್ಲವೂ ಒಂದೇ ಆಗಿದ್ದರೆ ಆ ದಾರಿ ಮುಚ್ಚಿತು. ಒಂದಕ್ಕೆ ಬಂದದ್ದು ಎಲ್ಲಕ್ಕೂ.

ಅಂಥ ರೋಗ ಬಂದಿದೆಯಾ?

ಬಂದಿದೆ. ಮಲೆನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಡಿಕೆಗೆ ಕೊಳೆ ರೋಗ, ಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ತರುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ. ಮಳೆಗಾಲ ಶುರುವಾದರೆ ಬೋರ್ಡೋ ದ್ರಾವಣ ಹೊಡೆಯುವ, ಗೊನೆಗೆ ಕೊಟ್ಟೆ ಕಟ್ಟುವ ಓಡಾಟವೆಲ್ಲ ಅದರ ಭಯಕ್ಕೇ. ಅದೇ ಕುಲದ ಇನ್ನೊಂದು ಜಾತಿ, ಫೈಟಾಫ್ತೊರಾ ಸಿನ್ನಮೋಮಿ, ಆಸ್ಟ್ರೇಲಿಯಾದ ಕಾಡುಗಳಲ್ಲಿ ಬೇರು ಕೊಳೆಸಿ ಲಕ್ಷಾಂತರ ಎಕರೆ ಹಾಳು ಮಾಡಿದೆ. 2005ರಲ್ಲಿ ಅದು ವಾಲೆಮೈ ಕಮರಿಯಲ್ಲೂ ಕಾಣಿಸಿಕೊಂಡಿತು.

ಹೇಗೆ ಬಂತು? ಗುಟ್ಟಿನ ಜಾಗವನ್ನು ಪತ್ತೆ ಹಚ್ಚಿ ಅನುಮತಿ ಇಲ್ಲದೆ ಇಳಿದವರ ಬೂಟಿನ ಮಣ್ಣಿನಲ್ಲಿ ಬಂದಿರಬೇಕು ಎಂಬುದು ಬಲವಾದ ಅನುಮಾನ. ಕಣ್ಣಿಗೆ ಕಾಣದಷ್ಟು ಮಣ್ಣು ಸಾಕು. ತೇವದ ನೆಲದಲ್ಲಿ ಅದರ ಬೀಜಾಣುಗಳು ನೀರಿನಲ್ಲಿ ಈಜಿ ಬೇರಿಗೆ ತಲುಪುತ್ತವೆ. ತೊರೆಯ ಪಕ್ಕದಲ್ಲೇ ಇರುವ ಮರಗಳಿಗೆ ಇದಕ್ಕಿಂತ ಅಪಾಯ ಬೇರೆ ಬೇಕಾ? ಒಮ್ಮೆ ಮಣ್ಣಿಗೆ ಸೇರಿದರೆ ಕಾಡಿನಿಂದ ಪೂರ್ತಿ ತೆಗೆಯುವ ಉಪಾಯ ಇಲ್ಲ. ಮೆಣಸು ಬೆಳೆಗಾರರು ಬಳಸುವ ಪೊಟ್ಯಾಶಿಯಂ ಫಾಸ್ಫೊನೇಟ್ ಜಾತಿಯ ಔಷಧಿಯನ್ನೇ ಆಸ್ಟ್ರೇಲಿಯಾದಲ್ಲೂ ಈ ರೋಗಕ್ಕೆ ಬಳಸುತ್ತಾರೆ. ಅದು ಮರಕ್ಕೆ ಶಕ್ತಿ ಕೊಡುತ್ತದೆ, ರೋಗವನ್ನು ಓಡಿಸುವುದಿಲ್ಲ.

ಅದಕ್ಕೇನಾ ಜಾಗವನ್ನು ಗುಟ್ಟಾಗಿ ಇಟ್ಟಿರುವುದು?

ಹೌದು. ರೋಗ, ತುಳಿತ, ಸಸಿ ಕೀಳುವ ಕೈಗಳು, ಎಲ್ಲಕ್ಕೂ ಸೇರಿ. ಸಂಶೋಧಕರು ಹೋಗುವಾಗಲೂ ಬೂಟು, ಹಗ್ಗ, ಸಲಕರಣೆಗಳನ್ನು ಕ್ರಿಮಿನಾಶಕದಲ್ಲಿ ತೊಳೆದೇ ಇಳಿಯಬೇಕು. 2021ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಮುಂದಿನ ತಲೆಮಾರುಗಳಿಗೂ ಸೇರಿದ ಆಸ್ತಿ ಎಂಬ ಹೊಸ ಕಾನೂನು ಸ್ಥಾನವನ್ನು ಮೊಟ್ಟಮೊದಲು ಕೊಟ್ಟದ್ದು ಈ ಮರಗಳ ನೆಲೆಗೇ. ಅದಕ್ಕೆ ಹಾನಿ ಮಾಡಿದರೆ ಜೈಲು ಮತ್ತು ಲಕ್ಷಾಂತರ ಡಾಲರ್ ದಂಡ.

"ಜನರ ಕಾಡನ್ನು ಜನರಿಂದಲೇ ಮುಚ್ಚಿಡುವುದು ಯಾವ ನ್ಯಾಯ?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಕಾಡಿನೊಳಗಿನ ಜನರನ್ನು ಎಬ್ಬಿಸುವ ವಿಷಯವಾದರೆ ನಾನೂ ಇದನ್ನೇ ಕೇಳುತ್ತೇನೆ. ಆದರೆ ಇಲ್ಲಿ ಯಾರ ಅನ್ನವೂ ಹೋಗುತ್ತಿಲ್ಲ. ಹೋಗುತ್ತಿರುವುದು ಒಂದು ಫೋಟೋ ತೆಗೆಯುವ ಅವಕಾಶ. ನೂರು ಮರ ಕೂಡ ಉಳಿದಿಲ್ಲದ ಜಾಗಕ್ಕೆ ಹೋಗದೆ ಇರುವುದೇ ನಾವು ಕೊಡಬಹುದಾದ ದೊಡ್ಡ ಮರ್ಯಾದೆ ಎಂದು ನಾನು ನಂಬುತ್ತೇನೆ.

2019ರ ಕಾಡ್ಗಿಚ್ಚಿನಲ್ಲಿ ಏನಾಯಿತು?

2019ರ ಅಕ್ಟೋಬರ್ ಕೊನೆಯಲ್ಲಿ ವಾಲೆಮೈ ಉದ್ಯಾನದೊಳಗೇ ಗಾಸ್ಪರ್ಸ್ ಮೌಂಟನ್ ಎಂಬಲ್ಲಿ ಸಿಡಿಲಿನಿಂದ ಬೆಂಕಿ ಹೊತ್ತಿತು. ವರ್ಷಗಟ್ಟಲೆ ಬರ ಬಿದ್ದು ಕಾಡು ಒಣಗಿತ್ತು. ಬೆಂಕಿ ತಿಂಗಳುಗಟ್ಟಲೆ ಉರಿದು 5 ಲಕ್ಷ ಹೆಕ್ಟೇರ್‌ಗೂ ಜಾಸ್ತಿ ಸುಟ್ಟಿತು. ಸಾಮಾನ್ಯವಾಗಿ ಇಂಥ ಬೆಂಕಿ ತೇವದ ಕಮರಿಗಳ ಅಂಚಿಗೆ ಬಂದು ತಣ್ಣಗಾಗುತ್ತದೆ. ಈ ಸಲ ಕಮರಿಗಳೇ ಒಣಗಿದ್ದವು.

ಆಗ ಉದ್ಯಾನ ಇಲಾಖೆ ಮತ್ತು ಗ್ರಾಮೀಣ ಅಗ್ನಿಶಾಮಕ ದಳ ಸೇರಿ ಒಂದು ಕೆಲಸ ಮಾಡಿದವು. ದೊಡ್ಡ ವಿಮಾನಗಳು ಕಮರಿಯ ಸುತ್ತ ಬೆಂಕಿ ತಡೆಯುವ ದ್ರಾವಣ ಸುರಿದವು. ತರಬೇತಾದ ಸಿಬ್ಬಂದಿಯನ್ನು ಹೆಲಿಕಾಪ್ಟರ್‌ನಿಂದ ಕಮರಿಯೊಳಗೆ ಇಳಿಸಿದರು. ಅವರು ಮರಗಳ ಬುಡಕ್ಕೆ ನೀರು ಹಾಯಿಸುವ ಪೈಪು ಹಾಕಿ ನೆಲ ತೇವವಾಗಿ ಇಟ್ಟರು. ಬೆಂಕಿ ಹತ್ತಿರ ಬಂದಾಗ ಹೆಲಿಕಾಪ್ಟರ್‌ಗಳು ಅಂಚಿನಲ್ಲಿ ನೀರು ಹೊಯ್ದವು. ಈ ಎಲ್ಲವೂ ಗುಟ್ಟಾಗಿಯೇ ನಡೆಯಿತು. 2020ರ ಜನವರಿ ಮಧ್ಯದಲ್ಲಿ ಪರಿಸರ ಸಚಿವ ಮ್ಯಾಟ್ ಕೀನ್ ಹೇಳಿದ ಮೇಲೆ ಪ್ರಪಂಚಕ್ಕೆ ತಿಳಿದದ್ದು.

ಬೆಂಕಿ ಕಮರಿಯೊಳಗೂ ಹೊಕ್ಕಿತು. ಕೆಲವು ಮರ ಸುಟ್ಟವು, ಸಣ್ಣ ಸಸಿಗಳಿಗೆ ಹೆಚ್ಚು ಪೆಟ್ಟು ಬಿತ್ತು. ಬಹುಪಾಲು ದೊಡ್ಡ ಮರಗಳು ಉಳಿದವು. ಆದರೆ ಒಂದು ಮರ ನಿಲ್ಲುವುದು ಬೇರೆ, ವಂಶ ಬೆಳೆಯುವುದು ಬೇರೆ. ಹತ್ತಾರು ವರ್ಷ ನೆರಳಿನಲ್ಲಿ ಕಾದಿದ್ದ ಸಸಿಗಳು ಹೋದರೆ ಅಷ್ಟು ವರ್ಷದ ಕಾಯುವಿಕೆಯೂ ಹೋಯಿತು. ಮತ್ತೆ ಅಂಥ ಬೇಸಿಗೆ ಬರುವುದಿಲ್ಲ ಎಂದು ಈಗ ಯಾರೂ ಧೈರ್ಯವಾಗಿ ಹೇಳುವ ಹಾಗಿಲ್ಲ.

ನರ್ಸರಿಯಲ್ಲೇ ಸಿಗುತ್ತದಲ್ಲ! ಮತ್ತೆ ಅಳಿವಿನಂಚಿನಲ್ಲಿ ಹೇಗೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಪತ್ತೆಯಾದ ಮೇಲೆ ಸರ್ಕಾರ ಜಾಣತನದ ಒಂದು ನಿರ್ಧಾರ ಮಾಡಿತು. ಜನರಿಗೆ ಈ ಗಿಡ ಬೇಕೇ ಬೇಕು, ನಾವೇ ಬೆಳೆಸಿ ಮಾರೋಣ, ಆಗ ಕಳ್ಳರಿಗೆ ಕಾಡಿಗೆ ಹೋಗುವ ಕಾರಣ ಉಳಿಯುವುದಿಲ್ಲ ಎಂದು. ಕ್ವೀನ್ಸ್‌ಲ್ಯಾಂಡ್‌ನ ಜಿಂಪಿ ಎಂಬ ಊರಿನಲ್ಲಿ ಕಡ್ಡಿ ನೆಟ್ಟು ಸಾವಿರಗಟ್ಟಲೆ ಗಿಡ ಮಾಡಿದರು. 2005ರಲ್ಲಿ ಸಿಡ್ನಿಯಲ್ಲಿ ಸೋದಬೀಸ್ ಹರಾಜಿನಲ್ಲಿ ಸುಮಾರು 300 ಗಿಡಗಳು ಹತ್ತು ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋದವು. 2006ರಿಂದ ಸಾಮಾನ್ಯ ಜನರಿಗೂ ಮಾರಾಟ ಶುರುವಾಯಿತು. ಈಗ ಹಲವು ದೇಶಗಳ ತೋಟಗಳಲ್ಲಿ, ಕುಂಡಗಳಲ್ಲಿ ವಾಲೆಮೈ ಇದೆ.

ಇದರಿಂದ ಲಾಭ ಆಗಿದೆ, ಒಪ್ಪುತ್ತೇನೆ. ಆದರೆ ಮಾರಾಟದ ಗಿಡಗಳು ಕೆಲವೇ ತಾಯಿಮರಗಳ ಕಡ್ಡಿಯಿಂದ ಬಂದವು. ಮೊದಲೇ ಕಡಿಮೆ ಇರುವ ವೈವಿಧ್ಯದ ಒಂದು ಚೂರು ಮಾತ್ರ ಅವುಗಳಲ್ಲಿದೆ. ಈ ಕೊರತೆ ತುಂಬಲೆಂದು ಸಿಡ್ನಿಯ ಸಸ್ಯೋದ್ಯಾನದವರು ಕಾಡಿನ ಬೇರೆ ಬೇರೆ ಮರಗಳಿಂದ ಬಂದ ಗಿಡಗಳನ್ನು ಆರಿಸಿ ಇಂಗ್ಲೆಂಡಿನ ಬೆಜ್‌ಬರಿ ಪೈನೀಟಂ ಎಂಬ ಕೋನಿಫರ್ ತೋಟಕ್ಕೆ ಕಳಿಸಿದರು. ಅಲ್ಲಿಂದ 2023ರಲ್ಲಿ ಹಲವು ಸಸ್ಯೋದ್ಯಾನಗಳಿಗೆ ಹಂಚಿದರು.

ಅಷ್ಟಾದರೂ ಕುಂಡದ ಮರಕ್ಕೆ ಆ ತೊರೆ ಇಲ್ಲ, ಆ ಮಣ್ಣಿನ ಜೀವಿಗಳಿಲ್ಲ, ಪಕ್ಕದಲ್ಲಿ ಕೋಚ್‌ವುಡ್ ಇಲ್ಲ. ಅದರ ಬೀಜ ಬಿದ್ದು ತಾನಾಗಿ ಕಾಡಾಗುವುದಿಲ್ಲ. ಮೃಗಾಲಯದಲ್ಲಿ ಹುಲಿ ಇದೆ ಎಂದು ನಾಗರಹೊಳೆಯನ್ನು ಬಿಟ್ಟುಕೊಡಲು ನಾವು ಒಪ್ಪುತ್ತೇವಾ?

ಕಾಡಿನಲ್ಲೇ ಬೇರೆ ಕಡೆ ನೆಟ್ಟಿದ್ದಾರಾ?

2012ರಿಂದ ಅದೇ ಸೀಮೆಯ ಬೇರೆ ಗುಟ್ಟಿನ ಜಾಗಗಳಲ್ಲಿ ನೆಡುತ್ತಿದ್ದಾರೆ. ಈಗ ನೂರಾರು ಗಿಡಗಳಿವೆ. ಮೂಲ ಕಮರಿಗೆ ಏನಾದರೂ ಆದರೆ ಇರಲಿ ಎಂಬ ವಿಮೆ ಇದು. ಬರ, ಬೆಂಕಿ ಎರಡೂ ಈ ಗಿಡಗಳನ್ನು ಕಾಡಿವೆ. ಗಿಡ ನಿಧಾನವಾಗಿ ಬೆಳೆಯುವುದರಿಂದ ಗೆದ್ದೆವೋ ಸೋತೆವೋ ಎಂದು ಹೇಳಲು ಈಗ ಕೆಲಸ ಮಾಡುತ್ತಿರುವವರ ಆಯಸ್ಸು ಸಾಲದು. ಆದರೂ ಮಾಡುತ್ತಿದ್ದಾರೆ. ಆ ತಾಳ್ಮೆಗೆ ನನ್ನ ನಮಸ್ಕಾರ.

ಬೆಂಗಳೂರಲ್ಲೋ ಕೊಡಗಲ್ಲೋ ಬೆಳೆಸಬಹುದಾ?

ಮರ ಸಾಕಷ್ಟು ಹೊಂದಿಕೊಳ್ಳುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯನ್ನೂ, 40 ಡಿಗ್ರಿ ದಾಟಿದ ಸೆಕೆಯನ್ನೂ ತಡೆದ ಉದಾಹರಣೆಗಳಿವೆ. ಹುಳಿ ಮಣ್ಣು ಬೇಕು, ನೀರು ನಿಲ್ಲಬಾರದು. ಆದರೆ ಹೊರದೇಶದಿಂದ ಗಿಡ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕು. ಸೂಟ್‌ಕೇಸ್‌ನಲ್ಲಿ ಕಡ್ಡಿಯೋ ಬೀಜವೋ ಇಟ್ಟುಕೊಂಡು ಬರುವ ಯೋಚನೆ ದಯವಿಟ್ಟು ಬೇಡ. ಅಡಿಕೆ, ಮೆಣಸು, ಕಾಫಿ ನಂಬಿದ ಊರುಗಳಿಗೆ ಹೊಸ ರೋಗ ತಂದುಹಾಕುವ ದಾರಿ ಅದು. ಆಸ್ಟ್ರೇಲಿಯಾದ ಮರ ಬೇಕೇ ಬೇಕು ಎಂದರೆ ಕಾಫಿ ತೋಟದ ಸಿಲ್ವರ್ ಓಕ್ ಇದೆಯಲ್ಲ, ಅದೂ ಅಲ್ಲಿಯದೇ.

ಸಿಡ್ನಿಗೆ ಹೋಗುತ್ತಿದ್ದೇನೆ. ಎಲ್ಲಿ ನೋಡಲಿ?

ಸಿಡ್ನಿಯ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ. 1998ರಲ್ಲಿ ಅಲ್ಲಿ ಮೊದಲ ಗಿಡ ನೆಟ್ಟಾಗ ಯಾರೂ ಕೀಳದಿರಲಿ ಎಂದು ಸುತ್ತ ಕಬ್ಬಿಣದ ಪಂಜರ ಹಾಕಿದ್ದರು. ಸಮಯ ಇದ್ದರೆ ಮೌಂಟ್ ಟೋಮಾದಲ್ಲಿರುವ ಬ್ಲೂ ಮೌಂಟನ್ಸ್ ಸಸ್ಯೋದ್ಯಾನಕ್ಕೆ ಹೋಗಿ. ತಂಪು ಹವೆ, ಎತ್ತರದ ಜಾಗ. ಮರದ ಊರು ಯಾವ ತರಹದ್ದು ಎಂಬ ಅಂದಾಜು ಅಲ್ಲಿ ಚೆನ್ನಾಗಿ ಸಿಗುತ್ತದೆ. ಮುಟ್ಟಿ ನೋಡಬಹುದು, ಫೋಟೋ ತೆಗೆಯಬಹುದು.

ಬ್ಲೂ ಮೌಂಟನ್ಸ್ ಕಾಡಿನಲ್ಲಿ ನಡೆಯುವ ಯೋಜನೆ ಇದೆ. ನಾನು ಪಾಲಿಸಬೇಕಾದ್ದು ಏನು?

ಕಾಲುದಾರಿ ಬಿಟ್ಟು ಇಳಿಯಬೇಡಿ. ಹೊರಡುವ ಮುಂಚೆ ಬೂಟಿನ ತಳದ ಒಣ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ. ದಾರಿಯ ಬಾಯಲ್ಲಿ ಬೂಟು ತೊಳೆಯುವ ವ್ಯವಸ್ಥೆ ಇದ್ದರೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬಳಸಿ. ಟೆಂಟಿನ ಗೂಟ, ಊರುಗೋಲಿನ ತುದಿ, ಕಾರಿನ ಚಕ್ರ, ಇವುಗಳಲ್ಲೂ ಮಣ್ಣು ಕೂತಿರುತ್ತದೆ. ಊರಿಂದ ತೋಟದಲ್ಲಿ ಓಡಾಡಿದ ಶೂ ಹಾಕಿಕೊಂಡೇ ಹೋಗುವವರಾದರೆ ಇನ್ನೂ ಜಾಸ್ತಿ ಹುಷಾರು ಬೇಕು. ಆಸ್ಟ್ರೇಲಿಯಾಕ್ಕೆ ಬರುವಾಗ ತುಂಬುವ ಅರ್ಜಿಯಲ್ಲಿ ಈ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅಧಿಕಾರಿಗಳು ನೋಡಿ, ಬೇಕಾದರೆ ಶುಚಿ ಮಾಡಿಸಿ ಕಳಿಸುತ್ತಾರೆ.